ಏಳನೆಯ ಹೊಟ್ಟೆನೋವು

ಹೊಟ್ಟೆನೋವೊಂದು ಬಂದರೆ ಸಾಕು, ಮನೆಗೆ ಬಂದುಹೋಗುವವರೆಲ್ಲ ಡಾಕ್ಟರೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ. ಅಜ್ಜಿ ‘ಬಟ್ಟಿ ಜಾರಿದೆ’ ಎಂದಳು. ಚಿಕ್ಕಪ್ಪ ಗ್ಯಾಸು ಎಂದ. ಪಕ್ಕದ ಮನೆಯಾಕೆ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದೇ ಬಂದರು. ನಾಳೆ ಶಾಲೆಯಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಗಣಿತದ ಪರೀಕ್ಷೆ ಇತ್ತು.

ಇಂಥ ಹೊಟ್ಟೆನೋವನ್ನು ಕಂಪ್ಯೂಟರಿಗೆ ಒಪ್ಪಿಸಿದವರು ಇಂಗ್ಲೆಂಡಿನ ಲೀಡ್ಸ್‌ನ ಡಿ ಡೊಂಬಲ್ ಮತ್ತು ಸಂಗಡಿಗರು. ಈಗಿನ ಎಐ ಗಲಾಟೆಗೆ ಅರ್ಧ ಶತಮಾನ ಹಿಂದಿನ ಮಾತು. ಆ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ವಿದ್ಯೆ, ಹದಿನೆಂಟನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಬಿಟ್ಟುಹೋದ ಸಂಭವದ ಲೆಕ್ಕ. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ವಾಂತಿಯಾಯಿತೇ, ಒತ್ತಿ ಬಿಟ್ಟರೆ ಚುಳುಕ್ ಎನ್ನುತ್ತದೆಯೇ? ಇಷ್ಟು ಹೇಳಿದರೆ ಹಿಂದಿನ ರೋಗಿಗಳ ಲೆಕ್ಕ ತೆಗೆದು, ಇದು ಅಪೆಂಡಿಸೈಟಿಸ್ಸೋ ಪಿತ್ತಕೋಶದ ಉರಿಯೂತವೋ ಎಂದು ತೂಗಿ ಹೇಳುತ್ತಿತ್ತು. 1972ರಲ್ಲಿ ಫಲಿತಾಂಶ ಪ್ರಕಟಿಸಿದರು: 304 ರೋಗಿಗಳಲ್ಲಿ ಯಂತ್ರ ಶೇ. 91.8 ಸರಿ, ತಂಡದ ಹಿರಿಯ ಡಾಕ್ಟರು ಶೇ. 79.6.

ನನಗೆ ರುಚಿಸಿದ್ದು ಈ ಅಂಕಗಳಲ್ಲ, ಅದರ ಆಚೀಚಿನ ಕತೆ. ಯಾವ ಲಕ್ಷಣ ಎಷ್ಟು ಮಂದಿಯಲ್ಲಿ ಕಾಣುತ್ತದೆ ಎಂದು ಡಾಕ್ಟರುಗಳನ್ನೇ ಕೇಳಿ, ರೋಗಿಗಳ ನಿಜಲೆಕ್ಕದ ಬದಲು ಆ ಅಂದಾಜನ್ನು ಯಂತ್ರಕ್ಕೆ ಉಣಿಸಿ ನೋಡಿದರು. ಯಂತ್ರ ಮಂಕಾಯಿತು! ಇನ್ನೂ ತಮಾಷೆಯೆಂದರೆ, ಪ್ರಯೋಗ ನಡೆದಷ್ಟು ದಿನ ಡಾಕ್ಟರುಗಳ ರೋಗನಿರ್ಣಯವೇ ಸುಧಾರಿಸಿತು; ಮುಗಿದ ಮೇಲೆ ಮತ್ತೆ ಇಳಿಯಿತು. ಯಂತ್ರಕ್ಕೆ ಉತ್ತರ ಕೊಡಬೇಕಲ್ಲ, ಅದಕ್ಕೆ ಫಾರಮ್ಮು ಹಿಡಿದು ರೋಗಿಯನ್ನು ಒಂದೂ ಬಿಡದೆ ಕೇಳುತ್ತಿದ್ದರು. ಹೆಚ್ಚುಗಾರಿಕೆ ಯಂತ್ರದ್ದೋ ಫಾರಮ್ಮಿನದೋ? ನನ್ನ ಓಟು ಫಾರಮ್ಮಿಗೆ. ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಮೇಷ್ಟರೂ ಭಾಗಾಕಾರವನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು!

ಲೀಡ್ಸ್ ಯಂತ್ರದ ಪಟ್ಟಿಯಲ್ಲಿ ಏಳು ಬಾಬತ್ತುಗಳಿದ್ದವು. ಆರಕ್ಕೆ ಗಟ್ಟಿ ಹೆಸರು. ಇನ್ನೊಂದು, ಇಂಥದ್ದೆಂದು ಕಾರಣ ಸಿಗದ ಹೊಟ್ಟೆನೋವು. ನನ್ನದನ್ನು ಅದು ಸೀದಾ ಅಲ್ಲಿಗೇ ತಳ್ಳುತ್ತಿತ್ತು. ಅಜ್ಜಿ ಅಗಿಯಲು ಓಮಕಾಳು ಕೊಟ್ಟಳು; ಮಾರನೆಯ ದಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ನೋವು ಬಿಟ್ಟಿತು. ಹೆಸರು ಬಂದದ್ದು ಓಮಕಾಳಿಗೆ.