ಬಾಪನ ಬೆರಳು, ಕಾರಿನ ಬೆಲ್ಟು

ಬಾಪನ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ. ಸಣ್ಣವನಿದ್ದಾಗಿನಿಂದ ನೋಡುತ್ತಿದ್ದೇನೆ. "ಮಿಲ್ಲಿನಲ್ಲಿ ಹೋದದ್ದು" ಎಂದು ಉಮ್ಮ ಹೇಳಿದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅದೇ ಕೈಯಿಂದ ಅವರು ಉಪ್ಪಳದ ನಮ್ಮ ಜೀನಸು ಅಂಗಡಿಯಲ್ಲಿ ಮೂವತ್ತೈದು ವರ್ಷ ಪೊಟ್ಟಣ ಕಟ್ಟಿದ್ದಾರೆ. ಮೆಣಸಿನ ಹುಡಿ, ಹಿಟ್ಟು, ಗೋಣಿಯ ಧೂಳು ಕುಡಿದು ಕುಡಿದು ಈಗ ಅವರಿಗೆ ಉಬ್ಬಸ.

ಆ ಅಂಗಡಿಯ ದುಡ್ಡಿನಲ್ಲೇ ನನಗೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿಸಿದರು. ನಾನು ಗಲ್ಫಿಗೆ ಹೋಗಿ ಆರು ವರ್ಷ ಸೂಪರ್ ಮಾರ್ಕೆಟಿನ ಕ್ಯಾಶಿನಲ್ಲಿ ಕೂತೆ. ವಾಪಸು ಬಂದು ಈಗ ಅಂಗಡಿಯಲ್ಲಿ ಕೂತಿದ್ದೇನೆ. ಸರ್ಟಿಫಿಕೇಟು ಕಪಾಟಿನಲ್ಲಿದೆ. ಬಾಪ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆಡಿದ್ದರೆ ನನಗೇ ಸುಲಭ ಆಗುತ್ತಿತ್ತು.

2023ರ ಏಪ್ರಿಲ್. ಪೆರ್ನಾಲ್ ಮುಗಿದು ಮೂರನೇ ದಿನ. ಮರುದಿನ ಬೆಳಿಗ್ಗೆ ಬಾಪನನ್ನು ಮಂಗಳೂರಿಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಆಗ ತಲಪಾಡಿಯಿಂದ ಚೆಂಗಳದವರೆಗೆ ಹೈವೇಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿತ್ತು. ಆ ಕೆಂಪು ಧೂಳು ನೋಡಿದವರಿಗೆ ಗೊತ್ತು. ಗಾಜು ಇಳಿಸಿದರೆ ಬಾಪನ ಉಸಿರು ಕಟ್ಟುತ್ತದೆ. ಗಾಜು ಏರಿಸಿದರೆ ಎ.ಸಿ. ಬೇಕು. ಆ ಸಂಜೆಯೇ ನಮ್ಮ ಹಳೆ ಕಾರಿನ ಎ.ಸಿ. ಬೆಲ್ಟು ತುಂಡಾಯಿತು. ಗ್ಯಾರೇಜಿನವ ಪೆರ್ನಾಲ್ ರಜೆಯಲ್ಲಿ ಹೆಂಡತಿ ಮನೆಗೆ ಹೋಗಿದ್ದ.

"ನಾನೇ ಹಾಕ್ತೇನೆ" ಎಂದೆ. ಬಾಪ ಜಗಲಿಯ ಕುರ್ಚಿಯಿಂದ ಸುಮ್ಮನೆ ನೋಡಿದರು.

ಬೆಲ್ಟು ಹಾಕುವುದು ಎಂತ ದೊಡ್ಡ ಕೆಲಸ ಎಂದು ಕೇಳಬಹುದು. ಮಾಮೂಲಿ ಬೆಲ್ಟಿಗೆ ಒಂದು ಟೆನ್ಷನರೋ, ಸರಿಸಿ ಬಿಗಿ ಮಾಡುವ ಬೋಲ್ಟೋ ಇರುತ್ತದೆ. ಸಡಿಲ ಮಾಡು, ಹಾಕು, ಬಿಗಿ ಮಾಡು, ಮುಗಿಯಿತು. ನಮ್ಮ ಕಾರಿನ ಎ.ಸಿ. ಬೆಲ್ಟು ಸ್ಟ್ರೆಚ್ ಜಾತಿಯದ್ದು. ಅದಕ್ಕೆ ಟೆನ್ಷನರ್ ಇಲ್ಲ, ಎರಡು ಪುಲ್ಲಿಗಳೂ ಇದ್ದಲ್ಲೇ ಗಟ್ಟಿ. ಬೆಲ್ಟು ಅವುಗಳ ಸುತ್ತಳತೆಗಿಂತ ಸ್ವಲ್ಪ ಗಿಡ್ಡ. ಒಳಗಿನ ನೂಲು ಮಾಮೂಲಿ ಬೆಲ್ಟಿನ ಹಾಗೆ ಪಾಲಿಯೆಸ್ಟರ್ ಅಲ್ಲ, ಹಿಗ್ಗುವ ಪಾಲಿಅಮೈಡ್, ಅಂದರೆ ನೈಲಾನ್ ಜಾತಿ. ಹಿಗ್ಗಿ ಪುಲ್ಲಿಯ ಮೇಲೆ ಕೂತ ಮೇಲೆ ಆ ನೂಲೇ ಬಿಗಿ ಹಿಡಿಯುತ್ತದೆ. ಡಿಪ್ಲೊಮಾದಲ್ಲಿ ಬಿಗಿ ಬದಿ, ಸಡಿಲ ಬದಿ ಎಂದು ಲೆಕ್ಕ ಮಾಡಿ ಮಾರ್ಕು ತೆಗೆದವ ನಾನು. ಕೈಯಿಂದ ಇಂಥ ಬೆಲ್ಟು ಹಾಕಿದವನಲ್ಲ.

ಬಲಬದಿಯ ಮುಂದಿನ ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಒಳಗಿನ ಪ್ಲಾಸ್ಟಿಕ್ ಕವರು ತೆಗೆದೆ. ಹೊಸ ಬೆಲ್ಟನ್ನು ಕಂಪ್ರೆಸರಿನ ಪುಲ್ಲಿಗೆ ಹಾಕಿ ಕೆಳಗಿನ ಕ್ರ್ಯಾಂಕ್ ಪುಲ್ಲಿಗೆ ಎಳೆದೆ. ಎರಡು ಇಂಚು ಸಾಲಲಿಲ್ಲ. ದೊಡ್ಡ ಸ್ಕ್ರೂಡ್ರೈವರ್ ತುರುಕಿ ಮೀಂಟಿದೆ. ಬೆಲ್ಟಿನ ಅಂಚು ಹರಿದು ನೂಲು ಹೊರಗೆ ಬಂತು. ಆ ಬೆಲ್ಟು ಅಲ್ಲಿಗೇ ಹಾಳು. ಅಕ್ಕನ ಮಗ ಸ್ಕೂಟರಿನಲ್ಲಿ ಓಡಿ, ಬಾಗಿಲು ಎಳೆಯುತ್ತಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಇನ್ನೊಂದು ತಂದ. ಅವರಲ್ಲಿ ಇದ್ದದ್ದೂ ಅದೊಂದೇ.

"ಮಾಮ, ನಾನು ಸೆಲ್ಫ್ ಕೊಡ್ತೇನೆ. ನೀವು ಬೆಲ್ಟಿನ ಅಂಚು ಪುಲ್ಲಿಗೆ ಒತ್ತಿ ಹಿಡಿಯಿರಿ. ಒಂದೇ ಸುತ್ತಿಗೆ ಹತ್ತಿ ಕೂರ್ತದೆ," ಎಂದ ಹುಡುಗ. ಕತ್ತಲಾಗುತ್ತಿತ್ತು, ನನಗೂ ಸಾಕಾಗಿತ್ತು. ಕೀಲಿ ಅವನ ಕೈಗೆ ಕೊಟ್ಟು ಬೆಲ್ಟಿಗೆ ಕೈ ಹಾಕಿದೆ.

"ಮೋನೇ!"

ಬಾಪ ಹಾಗೆ ಕೂಗಿದ್ದನ್ನು ನಾನು ಕೇಳಿಯೇ ಇಲ್ಲ. ಉಬ್ಬಸದ ಮನುಷ್ಯ ಜಗಲಿಯಿಂದ ಇಳಿದು ಬಂದು ಹುಡುಗನ ಕೈಯಿಂದ ಕೀಲಿ ಕಿತ್ತುಕೊಂಡರು. ಸ್ವಲ್ಪ ಹೊತ್ತು ಅವರಿಗೆ ಮಾತು ಬರಲಿಲ್ಲ. ಆಮೇಲೆ ಎಡಗೈ ನನ್ನ ಮುಖದ ಮುಂದೆ ಹಿಡಿದರು.

"ಇದು ಹೀಗೆಯೇ ಹೋದದ್ದು."

ಅವರಿಗೆ ಆಗ ಹದಿನಾರು. ಅಕ್ಕಿ ಮಿಲ್ಲಿನಲ್ಲಿ ಕೆಲಸ. ದೊಡ್ಡ ಚಪ್ಪಟೆ ಬೆಲ್ಟು ಜಾರಿ ಬಿದ್ದರೆ ಇಂಜಿನ್ ನಿಲ್ಲಿಸದೆ, ಓಡುವ ಚಕ್ರಕ್ಕೇ ಅದನ್ನು ಏರಿಸುತ್ತಿದ್ದರಂತೆ. ನಿಲ್ಲಿಸಿದರೆ ಮತ್ತೆ ಚಾಲು ಮಾಡಲು ಹೊತ್ತು ಹೋಗುತ್ತದೆ, ಮಾಲಕರು ಬೈಯುತ್ತಾರೆ. ಉಳಿದವರು ಕೋಲಿನಿಂದ ದೂಡುತ್ತಿದ್ದರು. ಆ ದಿನ ಇವರಿಗೆ ಕೋಲು ಸಿಗಲಿಲ್ಲ.

"ಆಮೇಲೆ ಮಿಲ್ಲಿನಲ್ಲಿ ಹೇಗೆ ಹಾಕ್ತಿದ್ದರು?" ಎಂದೆ.

"ಬಂದ್ ಮಾಡಿ. ಬೆಲ್ಟನ್ನು ಚಕ್ರಕ್ಕೆ ಹಗ್ಗದಲ್ಲಿ ಕಟ್ಟಿ, ಕೈಯಲ್ಲಿ ಮೆಲ್ಲ ತಿರುಗಿಸಿ."

ನಾನು ಹುಡುಗನನ್ನು ಅಂಗಡಿಗೆ ಕಳಿಸಿ, ವಯರು ಕಟ್ಟುವ ನೈಲಾನ್ ಕೇಬಲ್ ಟೈಯ ಕಟ್ಟು ತರಿಸಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಗೇರು ನ್ಯೂಟ್ರಲ್ ಮಾಡಿದೆ. ಕೀಲಿ ಬಾಪನ ಜೇಬಿನಲ್ಲೇ ಉಳಿಯಿತು. ಬೆಲ್ಟಿನ ಗೆರೆಗಳು ಕಂಪ್ರೆಸರ್ ಪುಲ್ಲಿಯಲ್ಲಿ ಸರಿಯಾಗಿ ಕೂತಿವೆಯೇ ನೋಡಿಕೊಂಡೆ. ಕ್ರ್ಯಾಂಕ್ ಪುಲ್ಲಿಯ ಅಂಚಿಗೆ ಬೆಲ್ಟು ಎಷ್ಟು ಹತ್ತುತ್ತದೋ ಅಷ್ಟು ಹತ್ತಿಸಿ, ಪುಲ್ಲಿಯ ತೂತಿನ ಮೂಲಕ ಟೈ ತೂರಿಸಿ ಬಿಗಿದೆ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ ಇಂಚಿಂಚು ತಿರುಗಿಸಿದೆ. ತಿರುಗಿದಷ್ಟೂ ಬೆಲ್ಟು ಹಿಗ್ಗಿ ಪುಲ್ಲಿಯ ಮೇಲೆ ಏರುತ್ತಾ ಬಂತು. ಕೊನೆಗೆ ಟಪ್ ಎಂದು ಒಳಗೆ ಕೂತಿತು. ಟೈ ಕತ್ತರಿಸಿ ತೆಗೆದು, ಕೈಯಿಂದಲೇ ಇನ್ನೂ ಎರಡು ಸುತ್ತು ತಿರುಗಿಸಿ, ಗೆರೆಗೆ ಗೆರೆ ಕೂತಿದೆಯೇ ಎಂದು ಟಾರ್ಚು ಬಿಟ್ಟು ನೋಡಿದೆ. ಅಷ್ಟು ಹೊತ್ತೂ ಬಾಪ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಕೊಟ್ಟರು.

ಮರುದಿನ ತಲಪಾಡಿ ದಾಟುವಾಗ ಹೊರಗೆ ಕೆಂಪು ಧೂಳು, ಒಳಗೆ ಗಾಜು ಏರಿಸಿ ಎ.ಸಿ. ಬಾಪ ಎಡಗೈಯನ್ನು ಗಾಳಿ ಬರುವಲ್ಲಿ ಹಿಡಿದಿದ್ದರು.

"ಕಲಿತದ್ದು ಹಾಳಾಗಲಿಲ್ಲ," ಎಂದರು.

ನನ್ನ ಡಿಪ್ಲೊಮಾ ಬಗ್ಗೆ ಹೇಳಿದರೋ, ಅವರ ಮಿಲ್ಲಿನ ಬಗ್ಗೆ ಹೇಳಿದರೋ ಎಂದು ನಾನು ಕೇಳಲಿಲ್ಲ.

ಈ ಬೆಲ್ಟನ್ನು ಮನೆಯಲ್ಲಿ ಹಾಕುವವರು ಸ್ಕ್ರೂಡ್ರೈವರ್‌ನಿಂದ ಮೀಂಟಬೇಡಿ, ಒಮ್ಮೆ ಬಿಚ್ಚಿದ ಬೆಲ್ಟನ್ನು ಮತ್ತೆ ಹಾಕಬೇಡಿ, ಸೆಲ್ಫಿನ ಆಸೆ ಬಿಡಿ. ಕೀಲಿಯನ್ನು ಮನೆಯ ಹಿರಿಯರ ಕೈಯಲ್ಲಿ ಕೊಡಿ. ಅವರ ಕೈಯಲ್ಲಿ ಹಳೆ ಗಾಯದ ಕಲೆ ಏನಾದರೂ ಇದ್ದರೆ, ಅದು ಹೇಗಾಯಿತೆಂದು ಕೂತು ಕೇಳಿ. ನಾನು ಕೇಳಲು ಮೂವತ್ತನಾಲ್ಕು ವರ್ಷ ತೆಗೆದುಕೊಂಡೆ.