ಚಪ್ಪಲಿ ಕೇಳಿಕೊಂಡು ಬಂದ ಪಿಶಾಚಿ

2024ರ ಡಿಸೆಂಬರಿನಲ್ಲಿ ತೆರೆಗೆ ಬಂದ ರಾಬರ್ಟ್ ಎಗರ್ಸ್‌ನ ‘ನಾಸ್ಫೆರಾಟು’ ಚಿತ್ರದ ರಕ್ತಪಿಶಾಚಿಗೆ ದಟ್ಟವಾದ ಮೀಸೆ ಇದೆ. ಭಯಾನಕ ಚಿತ್ರಗಳ ಅಭಿಮಾನಿಗಳಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ಪಿಶಾಚಿ ಎಂದಮೇಲೆ ಬಿಳಿಚಿಕೊಂಡ ನುಣ್ಣನೆ ಮುಖ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕತ್ತಿನ ಹಿಂದೆ ಸೆಟೆದು ನಿಂತ ಕಾಲರಿನ ಕರಿ ನಿಲುವಂಗಿ ಇರಬೇಕು. ಮೀಸೆ ಹೊತ್ತು ಬಂದವನನ್ನು ಕಂಡರೆ ಭಯಕ್ಕಿಂತ ಮೊದಲು ಕಂದಾಯದ ಬಾಕಿ ನೆನಪಾಗುವುದಿಲ್ಲವೆ? ಆದರೆ ಬ್ರಾಮ್ ಸ್ಟೋಕರ್ 1897ರ ಕಾದಂಬರಿಯಲ್ಲಿ ಡ್ರಾಕುಲಾನನ್ನು ಮೊದಲ ಸಲ ಬಾಗಿಲಿಗೆ ತಂದು ನಿಲ್ಲಿಸುವಾಗಲೇ ಅವನಿಗೆ ಉದ್ದನೆಯ ಬಿಳಿ ಮೀಸೆ ಕೊಟ್ಟಿದ್ದಾನೆ. ಬೋಳಿಸಿದ್ದು ಸಿನಿಮಾ. 1931ರಲ್ಲಿ ಬೆಲಾ ಲುಗೋಸಿ ಮೀಸೆಯಿಲ್ಲದ ಡ್ರಾಕುಲಾ ಆಗಿ ಬಂದ, ಅದೇ ಮುಖ ಕಾಯಂ ಆಯಿತು. ಎಗರ್ಸ್ ಮಾಡಿದ್ದು ಹೊಸತನವಲ್ಲ, ಜೀರ್ಣೋದ್ಧಾರ.

ಮೀಸೆ ಸಣ್ಣ ವಿಷಯ, ನಿಜ. ಆದರೆ ಅದರ ಎಳೆ ಹಿಡಿದು ಹೊರಟರೆ ದೊಡ್ಡ ತಕರಾರೊಂದಕ್ಕೆ ಬಂದು ಮುಟ್ಟುತ್ತೇವೆ. ಸಿನಿಮಾದ ಪಿಶಾಚಿಗಳೆಲ್ಲ ಜನಪದದಿಂದ ಬಂದವು ಎಂದು ನಾವು ಧಾರಾಳವಾಗಿ ಹೇಳಿಬಿಡುತ್ತೇವೆ. ಅವುಗಳ ಲಕ್ಷಣಗಳನ್ನು ಒಂದೊಂದಾಗಿ ಹಿಡಿದು ಹುಟ್ಟಿದ ಊರು ಕೇಳಿದರೆ ಬಹಳಷ್ಟು ಸ್ಟುಡಿಯೋದ ಕಡೆಗೆ, ನಾಟಕ ಕಂಪನಿಯ ಕಡೆಗೆ ಬೆರಳು ತೋರಿಸುತ್ತವೆ. ಜನಪದದ ಪಿಶಾಚಿಗೆ ನಿಜಕ್ಕೂ ಇದ್ದ ಮುಖ್ಯ ಲಕ್ಷಣವನ್ನೋ, ಸಿನಿಮಾ ಬಿಟ್ಟೇಬಿಟ್ಟಿತು. ಅದು ನೆಂಟಸ್ತಿಕೆ. ಹಳ್ಳಿಯ ಪಿಶಾಚಿ ಯಾರದೋ ಗಂಡ, ಯಾರದೋ ಅತ್ತೆ, ಪಕ್ಕದ ಮನೆಯವನು. ಸಿನಿಮಾದ ಪಿಶಾಚಿ ಎಲ್ಲಿಂದಲೋ ಹಡಗು ಹತ್ತಿ ಬಂದ ಪರದೇಶಿ.

ಸಾಕ್ಷಿಗೆ ಪೇತರ್ ಬ್ಲಾಗೊಯೆವಿಚ್‌ನನ್ನು ಕರೆಯಬೇಕು. ಸೆರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯವನು. ತುರ್ಕರ ಕೈಯಿಂದ ಆ ಸೀಮೆ ಆಸ್ಟ್ರಿಯಾದ ಚಕ್ರವರ್ತಿಯ ಕೈಗೆ ಬಂದು ಇನ್ನೂ ಏಳು ವರ್ಷವಷ್ಟೇ ಆಗಿತ್ತು. 1725ರಲ್ಲಿ ಈತ ಸತ್ತ, ಹೂತರು. ಆಮೇಲೆ ಎಂಟು ದಿನದೊಳಗೆ ಊರಿನಲ್ಲಿ ಒಂಬತ್ತು ಮಂದಿ ಸತ್ತರು. ಪೇತರ್ ರಾತ್ರಿ ಬಂದು ನಮ್ಮ ಮೇಲೆ ಮಲಗಿ ಕತ್ತು ಹಿಸುಕಿದ ಎಂದು ಸಾಯುವ ಮುಂಚೆ ಅವರೆಲ್ಲ ಹೇಳಿದರಂತೆ. ಗಮನಿಸಿ, ಹಿಸುಕಿದ್ದು, ಕೋರೆಹಲ್ಲಿನ ಮಾತೇ ಇಲ್ಲ. ಊರವರು ಗೋರಿ ಅಗೆಯಬೇಕೆಂದರು. ಆ ಭಾಗದ ಸರಕಾರಿ ಅಧಿಕಾರಿ ಫ್ರೋಂಬಾಲ್ಡ್, ಮೊದಲು ಬೆಲ್‌ಗ್ರೇಡಿನಿಂದ ಅಪ್ಪಣೆ ತರಿಸೋಣ ಎಂದು ಎಲ್ಲ ಅಧಿಕಾರಿಗಳೂ ಹೇಳುವುದನ್ನೇ ಹೇಳಿ ನೋಡಿದ. ಅಪ್ಪಣೆ ಬರುವಷ್ಟರಲ್ಲಿ ಊರೇ ಉಳಿಯುವುದಿಲ್ಲ, ನಾವು ಮನೆಮಠ ಬಿಟ್ಟು ಹೋಗುತ್ತೇವೆ ಎಂದರು ಜನ. ಪಾದ್ರಿಯೊಬ್ಬರನ್ನು ಕರೆದುಕೊಂಡು ಫ್ರೋಂಬಾಲ್ಡ್ ಹೋದ. ಹೂತು ಹತ್ತು ವಾರವಾಗಿದ್ದ ಹೆಣಕ್ಕೆ ವಾಸನೆಯಿಲ್ಲ, ಗಡ್ಡ ಉಗುರು ಬೆಳೆದಿವೆ, ಹಳೆ ಚರ್ಮ ಸುಲಿದು ಒಳಗೆ ಹೊಸದು ಕಾಣುತ್ತಿದೆ, ಬಾಯಲ್ಲಿ ಹಸಿ ರಕ್ತ. ಜನ ಗೂಟ ಚೂಪು ಮಾಡಿ ಎದೆಗೆ ಹೊಡೆದರು, ಕಿವಿ ಬಾಯಿಂದ ರಕ್ತ ಹರಿಯಿತು, ಸುಟ್ಟುಹಾಕಿದರು. ಫ್ರೋಂಬಾಲ್ಡ್ ವರದಿ ಬರೆದು, ಇದರಲ್ಲಿ ತಪ್ಪಾಗಿದ್ದರೆ ಭಯದಿಂದ ಬುದ್ಧಿಗೆಟ್ಟ ಜನರದ್ದು, ನನ್ನದಲ್ಲ ಎಂದು ಕೊನೆಗೊಂದು ಷರಾ ಸೇರಿಸಿದ. ಆ ವರ್ಷದ ಜುಲೈ 21ರಂದು ವಿಯೆನ್ನಾದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹೆಣ ಕೊಳೆಯುವ ಕ್ರಮ ಬಲ್ಲವರಿಗೆ ಈಗ ಇದರಲ್ಲಿ ಪವಾಡವಿಲ್ಲ. ಹೊಟ್ಟೆಯೊಳಗೆ ಗಾಳಿ ತುಂಬಿ ಕೆಂಪು ನೀರು ಬಾಯಿಗೆ ಬರುತ್ತದೆ, ಮೇಲ್ಚರ್ಮ ಜಾರುತ್ತದೆ, ತೊಗಲು ಕುಗ್ಗಿ ಗಡ್ಡ ಬೆಳೆದಂತೆ ಕಾಣುತ್ತದೆ.

ಇಷ್ಟನ್ನು ಎಲ್ಲ ಇತಿಹಾಸಕಾರರೂ ಬರೆಯುತ್ತಾರೆ. ಒಂದು ಸಾಲನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಾರೆ. ಪೇತರ್‌ನ ಹೆಂಡತಿ ಊರು ಬಿಟ್ಟು ಬೇರೆ ಹಳ್ಳಿಗೆ ಹೊರಟುಹೋದಳು. ಗಂಡ ಮನೆಗೆ ಬಂದು ತನ್ನ ಚಪ್ಪಲಿ ಕೇಳಿದನೆಂದು ಅವಳು ಹೇಳಿದ್ದಳು. ಆ ಭಾಗದ ರೈತರು ಮೆಟ್ಟುವ ತೊಗಲಿನ ಎಕ್ಕಡ. ನನ್ನ ಮಟ್ಟಿಗೆ ಯುರೋಪಿನ ಪಿಶಾಚಿ ಸಾಹಿತ್ಯದಲ್ಲಿ ಇದಕ್ಕಿಂತ ನಂಬುವಂಥ ಮಾತು ಇನ್ನೊಂದಿಲ್ಲ. ರಕ್ತ ಕೇಳಲಿಲ್ಲ, ಪ್ರಾಣ ಕೇಳಲಿಲ್ಲ. ಮೂಲೆಯಲ್ಲಿ ಬಿಟ್ಟುಹೋದ ಚಪ್ಪಲಿ ಕೇಳಿದ. ಬಾಲ್ಕನ್ ಹಳ್ಳಿಗೂ ನಮಗೂ ನಾನೇನೂ ನಂಟು ಗಂಟುಹಾಕುತ್ತಿಲ್ಲ. ಆದರೆ ಉತ್ತರಕ್ರಿಯೆಯಲ್ಲಿ ಛತ್ರಿ, ಪಾದರಕ್ಷೆ ದಾನ ಕೊಡುವ ಮನೆಯವರಿಗೆ ಈ ಬೇಡಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಮಲೋಕದ ದಾರಿ ಸುಡುತ್ತದೆ, ಹೋದವರ ಕಾಲು ಬೇಯಬಾರದು ಎಂಬುದು ಗರುಡಪುರಾಣದ ಲೆಕ್ಕ. ದಕ್ಷಿಣ ಕನ್ನಡದಲ್ಲಿ ಎಳವೆಯಲ್ಲೇ ತೀರಿಹೋದ ಮಕ್ಕಳಿಗೆ ಎಷ್ಟೋ ವರ್ಷ ಕಳೆದ ಮೇಲೆ ಬಳಿ, ಅಂದರೆ ಕುಲ, ವಿಚಾರಿಸಿ, ಅಂಥದ್ದೇ ಇನ್ನೊಂದು ಮನೆಯ ಸಂಬಂಧ ಹುಡುಕಿ, ಸೀರೆ ಪಂಚೆ ಇಟ್ಟು ಪ್ರೇತಮದುವೆ ಮಾಡುತ್ತಾರೆ. ಸತ್ತವರಿಗೆ ಬಾಕಿ ಇರುತ್ತದೆ, ತೀರಿಸಬೇಕಾದವರು ನೆಂಟರು ಎಂಬುದು ಎರಡೂ ಕಡೆಯ ತಿಳಿವಳಿಕೆ. ಕಿಸಿಲ್ಯೆವೊದವರು ಚಪ್ಪಲಿ ಕೊಡುವ ಬದಲು ಗೂಟ ಹೊಡೆದರು, ಅಷ್ಟೇ ವ್ಯತ್ಯಾಸ.

ಈ ಎಕ್ಕಡದ ರೈತ ಕರಿ ಕೋಟಿನ ದೊರೆಯಾದದ್ದು ಹೇಗೆ? ಮೊದಲ ಪಾಪ ಸಾಹಿತ್ಯದ್ದು. 1819ರಲ್ಲಿ ಜಾನ್ ಪೊಲಿಡೋರಿ ಎಂಬ ವೈದ್ಯ ಬರೆದ ಕತೆಯೊಂದರಲ್ಲಿ ರಕ್ತಪಿಶಾಚಿ ಲಾರ್ಡ್ ಆದ. ಪೊಲಿಡೋರಿ ಕೆಲಕಾಲ ಚಾಕರಿ ಮಾಡಿದ್ದು ಲಾರ್ಡ್ ಬೈರನ್ನನ ಬಳಿ, ಧಣಿಯ ಮೇಲಿನ ಸಿಟ್ಟು ಕತೆಯಲ್ಲಿ ಎದ್ದು ಕಾಣುತ್ತದೆ. ಸ್ಟೋಕರ್ ಆ ಲಾರ್ಡನಿಗೆ ಕೋಟೆ ಕಟ್ಟಿಸಿ, ಹಡಗಿನಲ್ಲಿ ಇಂಗ್ಲೆಂಡಿಗೆ ತಂದ. ನಮ್ಮ ಬೇತಾಳನಿಗೂ ಇಲ್ಲೊಂದು ಕಿರುಪಾತ್ರ ಕೊಡಿಸುವ ಆಸೆ ನನಗಿದೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ ಬೇತಾಳದ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ರಕ್ತಪಿಶಾಚಿಗಳ ಪಂಗಡಕ್ಕೆ ಸೇರಿಸಿದ. ಸ್ಟೋಕರ್ ಬರ್ಟನ್ನನ್ನು ಕಂಡಿದ್ದ, ಮಾತಾಡುವಾಗ ಅವನ ಕೋರೆಹಲ್ಲು ಮಿಂಚುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಡ್ರಾಕುಲಾನ ಹಲ್ಲು ಅಲ್ಲಿಂದ ಬಂತೆನ್ನಲು ಪುರಾವೆ ಸಾಲದು. ಮರಕ್ಕೆ ನೇತುಬಿದ್ದು ಧರ್ಮಸಂಕಟದ ಪ್ರಶ್ನೆ ಕೇಳುತ್ತಿದ್ದ ಬೇತಾಳನಿಗೆ ರಕ್ತದ ಚಟ ಅಂಟಿಸಿದ್ದಂತೂ ಅನ್ಯಾಯ. ಇನ್ನು ಆ ಪ್ರಸಿದ್ಧ ಕಾಲರು 1920ರ ದಶಕದ ಇಂಗ್ಲೆಂಡಿನ ರಂಗಭೂಮಿಯ ಕೊಡುಗೆ. ಡ್ರಾಕುಲಾ ವೇದಿಕೆಯ ಮೇಲೆ ನಿಂತಂತೆಯೇ ಮಾಯವಾಗಬೇಕಿತ್ತು. ನಟ ಬೆನ್ನು ತಿರುಗಿಸಿ ನಿಂತರೆ ಎತ್ತರದ ಕಾಲರಿನ ಹಿಂದೆ ತಲೆ ಕಾಣದು. ಅಂಗಿಯನ್ನು ಬೇರೆಯವರು ಹಿಡಿದಿರುವಂತೆಯೇ ಅವನು ಹಲಗೆಯ ಕಿಂಡಿಯಲ್ಲಿ ಕೆಳಗಿಳಿಯುತ್ತಿದ್ದ. ಮಾಯದ ಆಟಕ್ಕೆ ಹೊಲಿಸಿದ ಕಾಲರು ಮುಂದೆ ಜಗತ್ತಿನ ಪಿಶಾಚಿಗಳ ಸಮವಸ್ತ್ರವಾಯಿತು.

ಬಿಸಿಲಿಗೆ ಸಾಯುವ ಕಾಯಿಲೆಯದೂ ಇದೇ ಕತೆ. ಸ್ಟೋಕರನ ಡ್ರಾಕುಲಾ ಲಂಡನ್ನಿನ ಬೀದಿಯಲ್ಲಿ ಹಗಲು ತಿರುಗುತ್ತಾನೆ, ಶಕ್ತಿ ಕೊಂಚ ಕಡಿಮೆಯಿರುತ್ತದೆ ಅಷ್ಟೆ. ಕೊನೆಗೆ ಸಾಯುವುದು ಕತ್ತಿಗೆ. ಗಂಟಲಿಗೆ ಬೀಳುವ ಏಟು ಗೂರ್ಖರ ಖುಕುರಿಯದು. ಎಫ್. ಡಬ್ಲ್ಯು. ಮುರ್ನೌ 1922ರಲ್ಲಿ ತೆಗೆದ ಮೊದಲ ‘ನಾಸ್ಫೆರಾಟು’ವಿನಲ್ಲಿ ಪಿಶಾಚಿ ಬೆಳಗಿನ ಬೆಳಕು ಬಿದ್ದು ಹೊಗೆಯಾಗಿ ಹೋಗುತ್ತದೆ, ಅಲ್ಲಿಂದಾಚೆಗೆ ಅದು ಶಾಸ್ತ್ರವಾಯಿತು. ತಮಾಷೆಯೆಂದರೆ ಆ ಚಿತ್ರದ ರಾತ್ರಿಯ ಹೊರಾಂಗಣ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು, ಪ್ರಿಂಟಿಗೆ ನೀಲಿ ಬಣ್ಣ ಹಾಕಿ ರಾತ್ರಿ ಮಾಡಿದ್ದರು. ಬಣ್ಣವಿಲ್ಲದ ಪ್ರಿಂಟುಗಳಲ್ಲಿ ಬಿಸಿಲಿಗೆ ಸಾಯಬೇಕಾದ ಪಿಶಾಚಿ ಸೊಂಪಾದ ಬಿಸಿಲಿನಲ್ಲಿ ಶವಪೆಟ್ಟಿಗೆ ಹೊತ್ತು ನಡೆಯುತ್ತದೆ. ಕೋಳಿ ಕೂಗಿದರೆ ದೆವ್ವ ಓಡುತ್ತದೆ ಎಂಬ ನಂಬಿಕೆ ಎಲ್ಲ ದೇಶದಲ್ಲೂ ಇತ್ತಲ್ಲ, ಸಿನಿಮಾ ಹೊಸದೇನು ಮಾಡಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಮುರ್ನೌನ ಚಿತ್ರದಲ್ಲೂ ಕೋಳಿ ಕೂಗುತ್ತದೆ. ಆದರೆ ಕೋಳಿ ಕೂಗಿಗೆ ಓಡಿದ ದೆವ್ವ ಮರುರಾತ್ರಿ ಬರುತ್ತದೆ, ಅದಕ್ಕೊಂದು ಮನೆಯಿದೆ. ಸುಟ್ಟು ಹೊಗೆಯಾಗುವುದು ಮುಕ್ತಾಯ. ಸಿನಿಮಾಕ್ಕೆ ಬೇಕಾದದ್ದು ಮುಕ್ತಾಯವೇ.

ತೋಳಮಾನವನನ್ನು ಬೇಗ ದಾಟೋಣ. ಅವನ ಜಾತಕ ಬರೆದದ್ದು 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕ್ಕೆ ಕತೆ ಹೊಸೆದ ಕರ್ಟ್ ಸಿಯೋಡ್ಮಾಕ್, ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟುಬಂದ ಯಹೂದಿ. ಆ ಚಿತ್ರದ ಪದ್ಯವೊಂದನ್ನು ಜನ ಹಳೆಯ ಜಿಪ್ಸಿ ಪದವೆಂದೇ ನಂಬಿದರು, ಬರೆದವನು ಅವನೇ. ಹುಣ್ಣಿಮೆಗೆ ಖಚಿತವಾಗಿ ಗಂಟು ಬಿದ್ದದ್ದು 1943ರ ಮುಂದಿನ ಚಿತ್ರದಲ್ಲಿ. ಹೈಟಿ ದೇಶದ ಜೋಂಬಿಯ ವಿಷಯ ಮಾತ್ರ ಹಾಗೆ ದಾಟುವಂಥದ್ದಲ್ಲ. ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ಗುಲಾಮರಿಗೆ ಸಾವು ಒಂದೇ ಬಿಡುಗಡೆಯಾಗಿತ್ತು. ಸತ್ತರೆ ಪೂರ್ವಿಕರ ನಾಡು ಸೇರಬಹುದು. ಆ ಸಾವನ್ನೂ ಕದ್ದು, ಹೆಣವನ್ನು ಎಬ್ಬಿಸಿ ಮತ್ತೆ ಹೊಲಕ್ಕೆ ಅಟ್ಟುವವನಿದ್ದರೆ? ಹೈಟಿಯವರ ಭಯ ಜೋಂಬಿ ಬಂದು ತಿನ್ನುತ್ತದೆ ಎಂಬುದಲ್ಲ. ನಾನೇ, ನನ್ನ ತಮ್ಮನೇ ಜೋಂಬಿಯಾದರೆ ಏನು ಗತಿ ಎಂಬುದು. ಉಪ್ಪು ತಿನ್ನಿಸಿದರೆ ಜೋಂಬಿಗೆ ತಾನು ಸತ್ತವನೆಂಬ ಅರಿವು ಬಂದು ಗೋರಿಗೆ ಮರಳುತ್ತದೆ ಎಂದು ನಂಬಿದ್ದರು. ಅಮೆರಿಕದ ಸೇನೆ 1915ರಿಂದ 1934ರವರೆಗೆ ಹೈಟಿಯನ್ನು ಹಿಡಿದಿಟ್ಟುಕೊಂಡಿತ್ತು. ಆ ನಡುವೆ 1929ರಲ್ಲಿ ವಿಲಿಯಂ ಸೀಬ್ರೂಕ್‌ನ ಪ್ರವಾಸಕಥನ ಬಂತು, 1932ರಲ್ಲಿ ‘ವೈಟ್ ಜೋಂಬಿ’ ಬಂತು. ಅದರಲ್ಲೂ ಲುಗೋಸಿಯೇ, ಹೆಣಗಳಿಂದ ಸಕ್ಕರೆ ಗಿರಣಿ ನಡೆಸುವ ಯಜಮಾನ. ಗಿರಣಿಯ ದೃಶ್ಯದಲ್ಲಿ ಆಳೊಬ್ಬ ಕಬ್ಬು ಅರೆಯುವ ಯಂತ್ರದೊಳಗೆ ಬೀಳುತ್ತಾನೆ, ಉಳಿದವರು ತಿರುಗಿಯೂ ನೋಡದೆ ತಿರುಗಣೆ ತಿರುಗಿಸುತ್ತಲೇ ಇರುತ್ತಾರೆ. ಹೈಟಿಯ ನಿಜವಾದ ಭಯ ಹಾಲಿವುಡ್ಡಿನಲ್ಲಿ ಇಣುಕಿದ್ದು ಆ ಒಂದು ಕ್ಷಣದಲ್ಲಿ. ಮಿಕ್ಕ ಚಿತ್ರವೆಲ್ಲ ಬಿಳಿಯ ಹೆಣ್ಣೊಬ್ಬಳನ್ನು ಪಾರುಮಾಡುವ ಗಡಿಬಿಡಿ.

ಜನಪದವೇನು ಅಷ್ಟು ಹಾಲಿನಂಥ ಮನಸ್ಸಿನದೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಪಿಶಾಚಿ ನೆಂಟನಾದದ್ದರಿಂದಲೇ ನೆಂಟರ ಹೆಣಕ್ಕೆ ಗೂಟ ಬಿತ್ತು. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬುವನನ್ನು ತೋಳವಾಗುತ್ತಾನೆಂದು ಚಿತ್ರಹಿಂಸೆ ಕೊಟ್ಟು ಕೊಂದರು, ಜೊತೆಗೆ ಅವನ ಮಗಳನ್ನೂ. ಹೆಣ ಅಗೆಯುವ ಹುಚ್ಚು ಎಷ್ಟು ಬೆಳೆಯಿತೆಂದರೆ 1755ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ಕಾನೂನು ತಂದು ನಿಲ್ಲಿಸಬೇಕಾಯಿತು. ಟ್ರಾನ್ಸಿಲ್ವೇನಿಯಾದ ಕಾಲ್ಪನಿಕ ದೊರೆಯನ್ನು ಕಂಡು ಹೆದರುವವರು ಪಕ್ಕದ ಮನೆಯ ಮುದುಕಿಯ ಗೋರಿ ಅಗೆಯುವುದಿಲ್ಲ. ಈ ಮಟ್ಟಿಗೆ ಸಿನಿಮಾ ಉಪಕಾರವನ್ನೇ ಮಾಡಿದೆ ಎಂದು ಒಪ್ಪುತ್ತೇನೆ. ಆದರೆ ಪಿಶಾಚಿಯನ್ನು ಪರದೇಶಿ ಮಾಡುವುದಕ್ಕೂ ಬೆಲೆಯಿದೆ. ಪೂರ್ವದಿಂದ ಹಡಗಿನಲ್ಲಿ ಇಲಿ, ಪ್ಲೇಗು ತರುವ ಕೊಕ್ಕೆ ಮೂಗಿನ ಪಿಶಾಚಿಯನ್ನು 1922ರ ಜರ್ಮನಿ ನೋಡಿತು. ಮುಂದೆ ಅದೇ ದೇಶ ಯಾರನ್ನು ಇಲಿಗಳೆಂದು ಕರೆಯಿತು ಎಂಬುದು ಓದುಗರಿಗೆ ಗೊತ್ತಿದೆ. ಮುರ್ನೌ ಅದನ್ನು ಉದ್ದೇಶಿಸಿದ ಎಂದು ಹೇಳಲಾರೆ, ಅವನ ಚಿತ್ರಕತೆ ಬರೆದ ಹೆನ್ರಿಕ್ ಗಾಲೀನ್ ಸ್ವತಃ ಯಹೂದಿ. ದೆವ್ವ ಹೊರಗಿನದು ಎಂದು ಒಮ್ಮೆ ಕಲಿತವರು ಹೊರಗಿನವರಲ್ಲಿ ದೆವ್ವ ಹುಡುಕುವುದು ಕಷ್ಟವಲ್ಲ ಎನ್ನುವುದಷ್ಟೇ ನನ್ನ ವಾದ.

ಸಿನಿಮಾವೇ ಇಂದಿನ ಜನಪದ ಎನ್ನುವವರಿಗೆ ಅರ್ಧ ಒಪ್ಪಿಗೆ ಕೊಡಬಹುದು. ಜನಪದಕ್ಕೆ ಒಡೆಯನಿಲ್ಲ, ಸಿನಿಮಾಕ್ಕೆ ಇದ್ದಾನೆ. ವಿಚಿತ್ರವೆಂದರೆ ನಿಜವಾಗಿ ಜನಪದವಾಗಿ ಹಬ್ಬಿದ ಎರಡು ಚಿತ್ರಗಳು ಒಡೆಯನಿಲ್ಲದವು. ‘ನಾಸ್ಫೆರಾಟು’ ತೆಗೆದವರು ಸ್ಟೋಕರನ ಹೆಂಡತಿಗೆ ಕಾಸು ಕೊಡಲಿಲ್ಲ. ಆಕೆ ಮೊಕದ್ದಮೆ ಹೂಡಿ ಗೆದ್ದಳು, 1925ರಲ್ಲಿ ನ್ಯಾಯಾಲಯ ಎಲ್ಲ ಪ್ರಿಂಟುಗಳನ್ನೂ ನಾಶಮಾಡಿ ಎಂದಿತು. ತಪ್ಪಿಸಿಕೊಂಡ ಕಳ್ಳ ಪ್ರಿಂಟುಗಳಿಂದ ಚಿತ್ರ ಉಳಿಯಿತು. 1968ರಲ್ಲಿ ಜಾರ್ಜ್ ರೊಮೆರೊ ಪಿಟ್ಸ್‌ಬರ್ಗ್ ಬಳಿ ಅಗ್ಗದಲ್ಲಿ ತೆಗೆದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದ ಹೆಸರನ್ನು ಹಂಚಿಕೆದಾರರು ಬದಲಿಸುವಾಗ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಯಾರು ಬೇಕಾದರೂ ತೋರಿಸಿದರು, ಯಾರು ಬೇಕಾದರೂ ಕದ್ದರು, ಮನುಷ್ಯರನ್ನು ತಿನ್ನುವ ಹೆಣಗಳು ಜಗತ್ತಿಡೀ ಹಬ್ಬಿದವು. ನಮ್ಮ ಉದಾಹರಣೆ ಬೇಕೆಂದರೆ 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆದ ‘ನಾಳೆ ಬಾ’. ಅದಕ್ಕೂ ಒಡೆಯನಿರಲಿಲ್ಲ, 2018ರಲ್ಲಿ ಹಿಂದಿಯ ‘ಸ್ತ್ರೀ’ ಚಿತ್ರಕ್ಕೆ ಅದೇ ಮೂಲವಾಯಿತು. ಆ ವದಂತಿಯ ದೆವ್ವ ಮನೆಮಂದಿಯ ದನಿಯಲ್ಲೇ ಕರೆಯುತ್ತಿತ್ತು. ದೆವ್ವಕ್ಕೆ ಬೈಯಲಿಲ್ಲ, ಗೂಟ ಹೊಡೆಯಲಿಲ್ಲ. ಸಾಲಗಾರನಿಗೆ ಹೇಳುವಂತೆ ನಾಳೆ ಬಾ ಎಂದರು. ಇದು ಕಿಸಿಲ್ಯೆವೊದವರಿಗೂ ಹೊಳೆಯದ ಉಪಾಯ.

ರೊಮೆರೊನ ಚಿತ್ರವನ್ನು ನೋಡದವರಿದ್ದರೆ ನೋಡಿ, ಕೊನೆಯ ಭಾಗವನ್ನು ಮುಖ್ಯವಾಗಿ. ನೆಲಮಾಳಿಗೆಯಲ್ಲಿ ಸತ್ತ ಪುಟ್ಟ ಹುಡುಗಿ ಎದ್ದು ತನ್ನ ತಾಯಿಯನ್ನೇ ಕೊಲ್ಲುತ್ತಾಳೆ. ಮೇಲೆ ಬಾಗಿಲು ಮುರಿದು ನುಗ್ಗಿದ ಹೆಣಗಳ ನಡುವೆ, ಮೊದಲ ದೃಶ್ಯದಲ್ಲೇ ಸತ್ತ ಜಾನಿ ಬಂದು ತಂಗಿ ಬಾರ್ಬರಾಳನ್ನು ಎಳೆದುಕೊಂಡು ಹೋಗುತ್ತಾನೆ. ದಶಕಗಳ ಕಾಲ ಪರದೇಶಿಗಳನ್ನು ತೋರಿಸಿದ ಅಮೆರಿಕದ ಸಿನಿಮಾ ಅಲ್ಲಿ ನೆಂಟನನ್ನು ವಾಪಸು ಕರೆತಂದಿತು, ಅದಕ್ಕೇ ಅದು ಇಂದಿಗೂ ಹೆದರಿಸುತ್ತದೆ. ಒಂದು ಗಂಟೆ ಮೂವತ್ತಾರು ನಿಮಿಷದ ಕಪ್ಪು ಬಿಳುಪು ಚಿತ್ರ. ಕಾಪಿರೈಟ್ ಇಲ್ಲದ ಕಾರಣ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.