ಯಾರ ಅಜ್ಜಿಯ ಚಿನ್ನ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮದುವೆ ಸೀಸನ್ ಬಂತು ಅಂದ್ರೆ ವಾಟ್ಸಾಪ್ ತುಂಬಾ ‘ಮಲೆನಾಡಿನ ಸಾಂಪ್ರದಾಯಿಕ ಒಡವೆ’ಗಳ ಫೋಟೋ. ಅವಲಕ್ಕಿ ಸರ, ಗುಂಡಿನ ಸರ, ಕಾಸಿನ ಸರ, ಬುಗುಡಿ, ಬೆಂಡೋಲೆ, ವಂಕಿ, ಡಾಬು. ಹೆಸರೂ ಚೆಂದ, ಕುಸುರಿಯೂ ಚೆಂದ. ಅಕ್ಕಸಾಲಿಗರ ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಕೆಳಗೆ ‘ನಮ್ಮ ಅಜ್ಜಿಯರ ಕಾಲದ್ದು’ ಅಂತ ಬರೆದಿರ್ತಾರಲ್ಲ, ಪ್ರಶ್ನೆ ಇರೋದು ಅಲ್ಲಿ. ಯಾರ ಅಜ್ಜಿ?

ನನ್ನಜ್ಜಿ ಕೊರಳಲ್ಲಿ ಇದ್ದದ್ದು ಕರಿಮಣಿ, ಕೈಯಲ್ಲಿ ಹಿತ್ತಾಳೆ ಬಳೆ. ಅವ್ವನ ಕಾಲಕ್ಕೆ ಆ ಕರಿಮಣಿ ನಡುವೆ ಎರಡು ಚಿನ್ನದ ಗುಂಡು ಬಂತು. ಒಳಗೆ ಅರಗು, ಮೇಲೆ ತೆಳ್ಳಗೆ ಚಿನ್ನದ ತಗಡು, ಅಷ್ಟೇ. ಇಬ್ಬರೂ ಬದುಕಿಡೀ ಅಡಿಕೆ ಸುಲಿದವರು. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೋಟದ ಮನೆಯವರ ಕಾಸಿನ ಸರಕ್ಕೆ ನಾಲ್ಕು ಕಾಸು ಸೇರ್ತಿತ್ತು. ಸುಲಿದವರ ಬೆರಳಿಗೆ ಸೇರಿದ್ದು ಸಿಪ್ಪೆಯ ಕರೆ.

ಇದನ್ನ ಬರೀ ಬಡತನ ಅಂತ ತಳ್ಳಿಹಾಕಬೇಡಿ. ಚಂಡಾಲರ ಒಡವೆ ಕಬ್ಬಿಣದ್ದೇ ಆಗಿರಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸುತ್ತೆ. ಅದು ಪುಸ್ತಕದಲ್ಲೇ ಉಳಿಯಲಿಲ್ಲ. 1930ರಲ್ಲಿ ತಮಿಳುನಾಡಿನ ರಾಮನಾಥಪುರ ಕಡೆ ದಲಿತರ ಮೇಲೆ ಎಂಟು ನಿಷೇಧ ಹೇರಿದರು. ಮೊದಲನೆಯದೇ ಚಿನ್ನ, ಬೆಳ್ಳಿ ಒಡವೆ ಹಾಕಬಾರದು ಅನ್ನೋದು.

ಯಾಕೆ ಇಷ್ಟು ಭಯ? ಚಿನ್ನ ಅಂದ್ರೆ ಅಲಂಕಾರ ಮಾತ್ರ ಅಲ್ಲ, ಮೈಮೇಲಿನ ಬ್ಯಾಂಕು. ಮಳೆಗಾಲದಲ್ಲಿ ಅಕ್ಕಿ ಮುಗಿದಾಗ, ಕಾಯಿಲೆ ಬಿದ್ದಾಗ ಇದ್ದವರು ಸರ ಅಡವಿಟ್ಟರು. ಇಲ್ಲದವರು ಧಣಿ ಮನೆಗೆ ತಮ್ಮ ರಟ್ಟೆಯನ್ನೇ, ಮಕ್ಕಳನ್ನೇ ಅಡವಿಟ್ಟರು. ಅದರ ಹೆಸರು ಜೀತ. ಆ ಸಾಲಗಳನ್ನ ರದ್ದು ಮಾಡೋ ಕಾಯ್ದೆ ಬಂದದ್ದು 1976ರಲ್ಲಿ.

1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ದಿನಗಳಲ್ಲೇ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳ ಜೊತೆ ಒಡವೆ ಬಗ್ಗೆ ಮಾತಾಡಿದ್ರು. ಮೊಣಕೈವರೆಗೆ ಹಾಕೋ ಬೆಳ್ಳಿ, ತವರದ ಬಳೆಗಳು ನೀವು ಅಸ್ಪೃಶ್ಯರು ಅಂತ ದೂರದಿಂದಲೇ ಸಾರುವ ಗುರುತು, ಅದನ್ನ ಬಿಡಿ. ಹಾಕಿದ್ರೆ ಚಿನ್ನ ಹಾಕಿ, ಆಗದಿದ್ರೆ ಏನೂ ಬೇಡ ಅನ್ನೋದು ಅವರ ಮಾತಿನ ಸಾರ.

ಇವತ್ತು ನಾನು ಸಂಬಳದ ದುಡ್ಡಲ್ಲಿ ಮಾಡಿಸಿದ ಅವಲಕ್ಕಿ ಸರ ನೋಡಿ ‘ಒಂದು ಗ್ರಾಂ ಗೋಲ್ಡಾ?’ ಅಂತ ಕೇಳೋರಿದ್ದಾರೆ. ‘916 ಮುದ್ರೆ ಇದೆ, ಕನ್ನಡಕ ಹಾಕ್ಕೊಂಡು ನೋಡಿ’ ಅಂತೀನಿ.

ಆದ್ರೆ ನಮ್ಮವರಿಗೂ ಒಂದು ಮಾತು. ‘ಹುಡುಗಿಗೆ ಎಷ್ಟು ಗ್ರಾಂ ಹಾಕ್ತೀರಿ?’ ಅನ್ನೋ ರೋಗ ಈಗ ನಮ್ಮ ಕೇರಿಗೂ ಬಂದಿದೆ. ಮೈಕ್ರೋಫೈನಾನ್ಸ್ ಸಾಲ ತಂದು ಚಿನ್ನ ಹಾಕಿ, ಕಂತು ಕಟ್ಟೋಕೆ ಅಪ್ಪ ಅವ್ವ ಮತ್ತೆ ತೋಟಕ್ಕೆ ದುಡಿಯೋಕೆ ಹೋದ್ರೆ, ಅದೂ ಜೀತವೇ. ನಮ್ಮ ಮಗಳು ಚಿನ್ನ ಹಾಕಲಿ. ರಸೀದಿ ಅವಳ ಹೆಸರಲ್ಲಿರಲಿ, ಬೀಗದ ಕೀಯೂ ಅವಳ ಕೈಯಲ್ಲಿರಲಿ. ಗಂಡಿನ ಮನೆಯವರ ಲೆಕ್ಕಕ್ಕೆ ಒಂದು ಗುಂಡೂ ಬೇಡ.

ಜೈ ಭೀಮ್.